ಬಿಚ್ಚಿ ಮತ್ತೆ ಕಟ್ಟುವಂಥದ್ದನ್ನೇ ಕೊಡಿಸು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಗಳಿಗೆ ಒಂಬತ್ತು ತುಂಬುವ ಹೊತ್ತಿಗೆ, ಮನೆಯಲ್ಲೇ ಆಡುತ್ತ ಕಲಿಯಲು ಒಂದು ರೋಬೋಟಿಕ್ಸ್ ಕಿಟ್ ಕೊಡಿಸಬೇಕೆಂದು ಬರೆದಿದ್ದೀಯೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಬಿಡಿಭಾಗಗಳ ಸಂಖ್ಯೆ ನೋಡಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಹೊರಟಿದ್ದೀಯೆಂದು ತಿಳಿದು, ಅದಕ್ಕೆ ಮೊದಲು ನಾಲ್ಕು ಮಾತು ಹೇಳಬೇಕೆನಿಸಿತು.

ಕಟ್ಟಿದ್ದನ್ನು ಬಿಚ್ಚಿ, ಕೈಪಿಡಿಯಲ್ಲಿಲ್ಲದ ಇನ್ನೊಂದನ್ನು ಮಗು ತಾನೇ ಕಟ್ಟಲು ಬರುತ್ತದೆಯೇ ಎಂಬುದನ್ನು ಮೊದಲು ನೋಡು. ಹಿಂದೊಮ್ಮೆ ನಾನು ಮೊಮ್ಮಗನಿಗೆ ಮಾತಾಡುವ, ಕುಣಿಯುವ ರೋಬೋಟ್ ತಂದುಕೊಟ್ಟಿದ್ದೆ. ಅದು ಮಾಡಬಲ್ಲದ್ದನ್ನೆಲ್ಲ ಅವನು ಮೂರೇ ದಿನದಲ್ಲಿ ನೋಡಿ ಮುಗಿಸಿದ. ಬಿಚ್ಚಿ ನೋಡೋಣವೆಂದರೆ ಒಂದು ಸ್ಕ್ರೂ ಕೂಡ ಇರಲಿಲ್ಲ. ಮರುವರ್ಷ ಹೊಸ ಫೋನ್ ಬಂದಾಗ ರೋಬೋಟನ್ನು ನಡೆಸುವ ಆಪ್ ಅದರಲ್ಲಿ ತೆರೆಯಲೇ ಇಲ್ಲ, ರೋಬೋಟ್ ಕಪಾಟು ಸೇರಿತು. ಆದ್ದರಿಂದ ಒಂದೇ ಕಂಪನಿಯ ಆಪನ್ನು ನೆಚ್ಚಿಕೊಂಡ ಕಿಟ್ ಬೇಡ. 1998ರಲ್ಲಿ ಬಂದು ಎರಡು ದಶಕಕ್ಕೂ ಹೆಚ್ಚು ಕಾಲ ಹೆಸರುವಾಸಿಯಾಗಿದ್ದ ಲೆಗೋ ಕಂಪನಿಯ ಮೈಂಡ್‌ಸ್ಟಾರ್ಮ್ಸ್ ಎಂಬ ರೋಬೋಟ್ ಕಿಟ್ಟುಗಳ ಸರಣಿಯನ್ನೇ 2022ರ ಕೊನೆಯಲ್ಲಿ ನಿಲ್ಲಿಸಿದರು. ಮೈಕ್ರೋಬಿಟ್, ಆರ್ಡುಯಿನೋದಂಥ, ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡುಗಳಿಗಾದರೆ ಬೇರೆ ಬೇರೆ ತಯಾರಕರ ಮೋಟಾರು, ದೂರ ಬೆಳಕುಗಳನ್ನು ಅಳೆಯುವ ಸೆನ್ಸರುಗಳನ್ನು ಜೋಡಿಸಬಹುದು. ಒಂದು ಭಾಗ ಸುಟ್ಟರೆ ಅದೊಂದನ್ನೇ ಬದಲಿಸಿದರಾಯಿತು.

ಅವಳ ವಯಸ್ಸಿಗೆ ಮೈಕ್ರೋಬಿಟ್ ಬೋರ್ಡಿನ ಗಾಡಿಯೇ ಸರಿ. ಅದರ ಮೇಲೆಯೇ 25 ಪುಟ್ಟ ಎಲ್‌ಇಡಿಗಳೂ ಎರಡು ಗುಂಡಿಗಳೂ ಇರುವುದರಿಂದ ಮೊದಲ ದಿನವೇ ಏನಾದರೂ ಮಿನುಗಿಸಿ ನೋಡಬಹುದು, ಬಣ್ಣದ ಬ್ಲಾಕುಗಳನ್ನು ಎಳೆದು ಜೋಡಿಸಿಯೇ ಪ್ರೋಗ್ರಾಂ ಬರೆಯಬಹುದು. ಆರ್ಡುಯಿನೋಗೆ ಸಾಮಾನ್ಯವಾಗಿ ಸಾಲುಸಾಲಾಗಿ ಟೈಪ್ ಮಾಡಬೇಕು, ಅದು ಇನ್ನೆರಡು ವರ್ಷ ಕಾಯಲಿ.

ಕಿಟ್ ಬಂದ ಮೇಲೆ ಗಾಡಿ ನೆಟ್ಟಗೆ ಓಡದೆ ಒಂದು ಕಡೆಗೆ ವಾಲುವುದನ್ನು ನೀನೂ ಕಾಣುವೆ, ಏಕೆಂದರೆ ಎರಡು ಮೋಟಾರಿಗೂ ಒಂದೇ ವೇಗ ಕೊಟ್ಟರೂ ಅವು ಒಂದೇ ಸಮನೆ ತಿರುಗುವುದಿಲ್ಲ. ಆಗ ಕೆಟ್ಟಿದೆಯೆಂದು ಹಿಂದಿರುಗಿಸಬೇಡ. ನಮ್ಮ ಮೊಮ್ಮಗ ಆ ರೋಬೋಟಿನ ನಂತರ ಕಟ್ಟಿದ ಗಾಡಿ ಎಡಕ್ಕೆ ವಾಲುತ್ತಿತ್ತು. ಅವನು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆದು, ಬಲಗಾಲಿಯ ವೇಗವನ್ನು ಐದೈದರಂತೆ ಇಳಿಸುತ್ತ, ಪ್ರತಿಸಲವೂ ಗಾಡಿ ಗೆರೆಯಿಂದ ಎಷ್ಟು ಸರಿಯಿತೆಂದು ಅಡಿಕೋಲಿನಿಂದ ಅಳೆದು ಬರೆದಿಟ್ಟುಕೊಂಡ. ನನ್ನ ಕೈ ತುರಿಸುತ್ತಿದ್ದರೂ ಸುಮ್ಮನೆ ಕುಳಿತಿದ್ದೆ. ಸಂಜೆಗೆ ಗಾಡಿ ಗೆರೆ ಹಿಡಿಯಿತು. ಅಲ್ಟ್ರಾಸಾನಿಕ್ ಸೆನ್ಸರು ಗೋಡೆಯೆದುರು ಗಾಡಿಯನ್ನು ನಿಲ್ಲಿಸುತ್ತಿತ್ತು, ಆದರೆ ದಪ್ಪ ಪರದೆಯಿದ್ದರೆ ಗಾಡಿ ಹೋಗಿ ಗುದ್ದುತ್ತಿತ್ತು. ಕಳಿಸಿದ ಶಬ್ದ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕಹಾಕುವ ಸೆನ್ಸರಿಗೆ, ಶಬ್ದವನ್ನು ಹೀರಿಕೊಳ್ಳುವ ಬಟ್ಟೆ ಕಾಣದೆಂದು ಅವನೇ ಊಹಿಸಿ, ಪರದೆಯ ಮುಂದೆ ರಟ್ಟು ಹಿಡಿದು ಖಚಿತಪಡಿಸಿಕೊಂಡ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಮಕ್ಕಳ ಕೈಗೆ ಬಿಟ್ಟು ನೋಡುವುದು ಬೇಡ. ನಿನ್ನ ಚಿಕ್ಕ ಮಗನಿಗಿನ್ನೂ ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸು. ಗುಂಡಿಯಂಥ ಪುಟ್ಟ ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಅಂಥದ್ದಿರುವ ಕಿಟ್ ಮನೆಗೇ ತರಬೇಡ. ಎಎ ಸೆಲ್ಲಿನದನ್ನು ಆರಿಸು. ರೀಚಾರ್ಜ್ ಸೆಲ್ ಹಾಕುವುದಾದರೆ ಅವು ಸಾಮಾನ್ಯವಾಗಿ 1.5ರ ಬದಲು 1.2 ವೋಲ್ಟ್ ಕೊಡುವುದರಿಂದ, ನಾಲ್ಕು ಸೇರಿದರೂ 4.8 ವೋಲ್ಟೇ ಆಗುತ್ತದೆ. ಅಷ್ಟಕ್ಕೆ ಮೋಟಾರು ಓಡುವುದೇ ಎಂದು ವಿಚಾರಿಸಿಕೋ.

ಅನೇಕ ತಯಾರಕರು ಕೈಪಿಡಿಯನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿರುತ್ತಾರೆ. ಈ ಭಾನುವಾರ ಎರಡು ಮೂರನ್ನು ಇಳಿಸಿಕೊಂಡು ಅವಳ ಕೈಗೆ ಕೊಡು, ಯಾವ ಪುಟದಲ್ಲಿ ಹೆಚ್ಚು ಹೊತ್ತು ನಿಂತಳೆಂದು ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ