ಭಾಷಣ ತರಬೇತಿ ತಾಲ್ಲೂಕಿಗೂ ಬರಲಿ

ಮಾನ್ಯರೇ,

ಕೊಡಗಿನ ಮಕ್ಕಳು ಹಾಕಿ ಮೈದಾನದಲ್ಲಿ ಹಿಂಜರಿಯುವುದಿಲ್ಲ. ಮೈಕ್ ಮುಂದೆ ನಿಂತರೆ ಮಾತ್ರ ಗಂಟಲು ಕಟ್ಟುತ್ತದೆ. ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಜಾಸ್ತಿ ಕೇಳಿಬರುವುದು ಬಾಯಿಪಾಠವೇ ಅಲ್ವಾ? 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಸಭೆಯಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳ ಕ್ರಮ ಬೇರೆ. ಸ್ಥಳದಲ್ಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತಾಡಬೇಕು. ಸಮಯ ತಿಳಿಸಲು ಹಸಿರು, ಹಳದಿ, ಕೆಂಪು ದೀಪ. ಇನ್ನೊಬ್ಬರ ಭಾಷಣ ಕೇಳಿ, ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಿಕೊಳ್ಳಬೇಕು ಎಂದು ಹೇಳುವುದಕ್ಕೂ ಪ್ರತ್ಯೇಕ ಸ್ಪರ್ಧೆ ಇದೆ. ನನಗೆ ಬಹಳ ಹಿಡಿಸಿದ್ದು ಇದೇ. ಗಮನವಿಟ್ಟು ಕೇಳುವುದನ್ನೂ ಇದು ಕಲಿಸುತ್ತದೆ.

ಇಂಥ ತರಬೇತಿ ಮಡಿಕೇರಿಯಲ್ಲಷ್ಟೇ ಅಲ್ಲ, ಸೋಮವಾರಪೇಟೆ, ಪೊನ್ನಂಪೇಟೆಯ ಗ್ರಂಥಾಲಯಗಳಲ್ಲೂ ಕನ್ನಡದಲ್ಲಿ ನಡೆಯಬೇಕು. ಮಳೆಗಾಲದ ಸಂಜೆ ಬಸ್ ಸಿಗುವುದು ಕಷ್ಟ. ಭಾನುವಾರ ಬೆಳಿಗ್ಗೆ ಇಟ್ಟರೆ ತೋಟದ ಕಾರ್ಮಿಕರ ಲೈನ್‌ಮನೆಗಳ ಮಕ್ಕಳೂ ಬರಬಹುದು.

– ಒಬ್ಬ ಓದುಗ, ಸೋಮವಾರಪೇಟೆ