ಈ ‘ಲ್ಫ್ತಲೀನ್’ ಎಂತದು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಎಸ್ಸೆಸ್ಸೆಲ್ಸಿ ಪುಟವನ್ನು ಮೊಮ್ಮಗಳು ಜೋರಾಗಿ ಓದುತ್ತಿದ್ದಳು. ಆಮ್ಲ, ಪ್ರತ್ಯಾಮ್ಲದ ಪಾಠ. ನಡುವೆ ತಡವರಿಸಿ, ‘ಅಜ್ಜಾ, ಈ ಲ್ಫ್ತಲೀನ್ ಅಂದರೆ ಎಂತದು?’ ಅಂತ ಕೇಳಿದಳು. ನೋಡಿದರೆ ನಮ್ಮ ಫಿನಾಲ್ಫ್ತಲೀನ್, ಪ್ರತ್ಯಾಮ್ಲ ಸೇರಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ಸೂಚಕ! ‘ಫಿನಾ’ ಒಂದು ಸಾಲಿನ ತುದಿಯಲ್ಲಿ, ‘ಲ್ಫ್ತಲೀನ್’ ಕೆಳಗಿನ ಸಾಲಿನಲ್ಲಿ.

ನಾನು ಕುಮಟಾದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ 30 ವರ್ಷ ಅಟೆಂಡರ್ ಆಗಿದ್ದವನು. ಆ ಬಿಳಿ ಪುಡಿಯನ್ನು ಸ್ಪಿರಿಟಿನಲ್ಲಿ ಕರಗಿಸಿ, ಬಾಟಲಿಗೆ ತುಂಬಿ, ಚೀಟಿ ಅಂಟಿಸುವುದು ನನ್ನದೇ ಕೆಲಸ. ಹಾಗಾಗಿ ಸುಮ್ನಿರಲು ಆಗಲಿಲ್ಲ.

ಈ ಹೆಸರು ಎರಡು ವಸ್ತುಗಳಿಂದ ಆದದ್ದು. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫಿನಾಲನ್ನೂ ಥ್ಯಾಲಿಕ್ ಅನ್‌ಹೈಡ್ರೈಡನ್ನೂ ಸೇರಿಸಿ ಕಾಯಿಸಿ ಇದನ್ನು ತಯಾರಿಸಿದರು. ಆ ‘ಥ್ಯಾಲಿಕ್’ ಎಂಬ ಹೆಸರು ಬಂದದ್ದು ‘ನ್ಯಾಫ್ತಲೀನ್’ ಎಂಬ ಪದದ ತಲೆ ಕತ್ತರಿಸಿ. ನ್ಯಾಫ್ತಲೀನ್ ಅಂದರೆ ನಮ್ಮ ಕಪಾಟಿನ ಡಾಂಬರ ಗುಳಿಗೆಯೇ! ಇಂಗ್ಲಿಷಿನಲ್ಲಿ ಹೇಳುವಾಗ ನಾಲ್ಕು ತುಂಡು: ಫೀ-ನಾಲ್-ಥ್ಯಾ-ಲೀನ್. ಒತ್ತು ಮೂರನೆಯದರ ಮೇಲೆ. ನಡುವಿನ ‘ಫ್’ ಅನ್ನು ಬಹಳ ಮಂದಿ ನುಂಗಿಬಿಡುತ್ತಾರೆ, ಅದೂ ಸರಿಯೇ. ಆದರೆ ‘ನಾಲ್’ ಒಡೆಯಬಾರದು.

ಕನ್ನಡದಲ್ಲಿ ಬರೆದಾಗ ಆ ‘ಲ್’ ಮುಂದಿನ ಒತ್ತಕ್ಷರಕ್ಕೆ ಹತ್ತಿಕೊಳ್ಳುತ್ತದೆ. ಬಾಯಿ ಒಡೆಯುವ ಜಾಗವೇ ಬೇರೆ. ‘ಉಪ್ಪು’ ಬರೆಯುವುದು ಉ, ಪ್ಪು ಅಂತ. ಹೇಳುವುದು ಉಪ್-ಪು, ಅಲ್ವಾ? ಬಸ್ಸಿನ ಬೋರ್ಡಿನಲ್ಲಿ ಕುಮಟಾ ಮೂರಕ್ಷರ. ಕಂಡಕ್ಟರ್ ಕೂಗುವುದು ಮಾತ್ರ ‘ಕುಮ್-ಟಾ, ಕುಮ್-ಟಾ’. ಶಿರಸಿಗೂ ಅದೇ ಗತಿ, ಶಿರ್-ಸಿ.

ಒಂದು ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕನ್ನಡ ಮೀಡಿಯಂನಿಂದ ಬಂದ ಹುಡುಗಿ ಒಬ್ಬಳು ‘ಪಿನಪ್ತಾಲಿನ್’ ಅಂದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಕ್ಕರು. ಮೂರು ಸಲ ಹೇಳಿಸಿದರು, ಮತ್ತೆ ನಕ್ಕರು. ಸರಿಯಾಗಿ ಹೇಗೆ ಹೇಳಬೇಕು ಅಂತ ಮಾತ್ರ ಹೇಳಿಕೊಡಲಿಲ್ಲ. ಅವಳ ಫ್ಲಾಸ್ಕಿನಲ್ಲಿ ಬಣ್ಣ ನೋಡಬೇಕಿತ್ತು ನೀವು! ಮುರುಗಲ ಪಾನಕಕ್ಕೆ ನೀರು ಜಾಸ್ತಿಯಾದ ಹಾಗೆ ತೆಳು ಗುಲಾಬಿ. ಬ್ಯೂರೆಟ್ಟಿನಿಂದ, ಅಂದರೆ ದ್ರವವನ್ನು ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆಯಿಂದ, ಒಂದು ಹನಿಯೂ ಹೆಚ್ಚು ಬಿದ್ದಿರಲಿಲ್ಲ. ಫ್ಲಾಸ್ಕ್ ತೊಳೆಯಲು ಹೋದ ನಾನು ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತಿದ್ದೆ.

ಮುಂದಿನ ಸಲ ಪುಟ ಕಟ್ಟುವವರಿಗೆ ಒಂದು ಮಾತು ಹೇಳಿ. ಒಡೆಯುವುದಾದರೆ ‘ಫಿನಾಲ್’ ಆದ ಮೇಲೆ ಒಡೆಯಲಿ. ಜಾಗ ಸಾಲದಿದ್ದರೆ ಇಡೀ ಪದವನ್ನೇ ಕೆಳಗಿನ ಸಾಲಿಗೆ ಇಳಿಸಲಿ. ಮೇಲಿನ ಸಾಲು ಸ್ವಲ್ಪ ಗಿಡ್ಡವಾದರೂ ಅಡ್ಡಿಲ್ಲ.

– ಒಬ್ಬ ನಿವೃತ್ತ ಲ್ಯಾಬ್ ಅಟೆಂಡರ್, ಕುಮಟಾ