ಹೊಟ್ಟೆ ಅಳೆದ ಡಾಕ್ಟರಿಗೆ, ಅನ್ನ ಅಳೆದ ಮನೆಯವಳಿಗೆ

ನನಗೆ ಪ್ರೊಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರದ ದಾರಿಯನ್ನು ಸುತ್ತಿಕೊಂಡಿರುವ ಗ್ರಂಥಿ, ದಪ್ಪಗಾಗಿದೆ. ಈ ವಾರ ರಿಪೋರ್ಟ್ ನೋಡಿ ಡಾಕ್ಟರು "ಸದ್ಯಕ್ಕೆ ಆಪರೇಷನ್ ಬೇಡ, ಮಾತ್ರೆ ಮುಂದುವರಿಸೋಣ" ಅಂದರು. ಮೂರು ತಿಂಗಳ ಸರಾಸರಿ ಶುಗರ್ 8.4 ಇದ್ದದ್ದು 6.7ಕ್ಕೆ ಬಂದಿದೆ. ಸೊಂಟ 104 ಸೆಂಟಿಮೀಟರಿನಿಂದ 96ಕ್ಕೆ ಇಳಿದಿದೆ. ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಡುತ್ತಿದ್ದವನು ಈಗ ಒಂದು ಸಲ ಎದ್ದರೆ ಹೆಚ್ಚು. ಇದರಲ್ಲಿ ನನ್ನ ಪಾಲು ಕಡಿಮೆ. ಹಾಗಾಗಿ ಈ ಬರಹ.

ಮೊದಲು ನಮ್ಮ ಯೂರಾಲಜಿ ಡಾಕ್ಟರಿಗೆ. ಒಂದಕ್ಕೆ ಹೋಗುವ ತೊಂದರೆ ಬಗ್ಗೆ ಏಳು ಪ್ರಶ್ನೆ ಇರುವ ಹಾಳೆ ಕೊಟ್ಟರು. ಒಟ್ಟು 35 ಅಂಕ, ನನ್ನದು 18. ಈ ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದಷ್ಟೂ ಕಷ್ಟ. ಸ್ಕ್ಯಾನಿಂಗ್‌ನಲ್ಲಿ ಪ್ರೊಸ್ಟೇಟ್ ಸುಮಾರು 48 ಗ್ರಾಂ ಅಂತ ಬಂತು. ಮಾಮೂಲಿಯಾಗಿ ಇಪ್ಪತ್ತರಿಂದ ಇಪ್ಪತ್ತೈದು ಗ್ರಾಂ ಇರುತ್ತದಂತೆ. ಕ್ಯಾನ್ಸರ್ ಅಲ್ಲ ಅಂತ ಮೊದಲೇ ಖಚಿತ ಮಾಡಿಕೊಂಡರು. ಆಮೇಲೆ ಡ್ರಾಯರಿನಿಂದ ಟೇಪು ತೆಗೆದು ನನ್ನ ಹೊಟ್ಟೆ ಅಳೆದರು. "ಅದಕ್ಕೂ ಇದಕ್ಕೂ ಏನ್ ಸಾರ್ ಸಂಬಂಧ?" ಅಂದೆ.

ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಕೂತು ಹೇಳಿದರು. ಹೊಟ್ಟೆಯೊಳಗೆ ಕೊಬ್ಬು ಜಾಸ್ತಿಯಾದಾಗ ಇನ್ಸುಲಿನ್ ಮಾತು ದೇಹ ಸರಿಯಾಗಿ ಕೇಳುವುದಿಲ್ಲ. ಆಗ ದೇಹ ಇನ್ನೂ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ ಪ್ರೊಸ್ಟೇಟ್ ಬೆಳೆಯುವುದಕ್ಕೂ ಕುಮ್ಮಕ್ಕು ಕೊಡಬಹುದು. ನರಗಳು ಚುರುಕಾಗಿ ಮೂತ್ರಕೋಶದ ಬಾಯಿಯ ಸ್ನಾಯು ಬಿಗಿಯುವುದೂ ಉಂಟು. ಕೊಬ್ಬಿನಿಂದ ಹುಟ್ಟುವ ಉರಿಯೂತ ಬೇರೆ. ಇದರ ಮೇಲೆ ರಕ್ತದಲ್ಲಿ ಶುಗರ್ ಏರಿದರೆ ಅದು ನೀರನ್ನೂ ಎಳೆದುಕೊಂಡು ಹೊರಗೆ ಹೋಗುತ್ತದೆ. ದಾರಿ ಕಿರಿದು, ನೀರು ಜಾಸ್ತಿ. ನಿದ್ದೆ ಎಲ್ಲಿಂದ ಬರಬೇಕು?

ನಮ್ಮ ಕಡೆಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಂಟೆ ಅಂತಲೂ ಹೇಳಿದರು. ನನ್ನದು ಇನ್ನೂ ಗಂಟೆ ಹೊಡೆಯುತ್ತಲೇ ಇದೆ, ಇರಲಿ. ಆದರೆ "ಹೊಟ್ಟೆ ಕರಗಿದರೆ ಪ್ರೊಸ್ಟೇಟೂ ಕರಗುತ್ತೆ ಅಂತ ನಾನು ಮಾತು ಕೊಡಲ್ಲ" ಅಂದಿದ್ದರಲ್ಲ, ಅದಕ್ಕೇ ಅವರ ಮೇಲೆ ಜಾಸ್ತಿ ನಂಬಿಕೆ ಬಂದದ್ದು. ಅವರು ಹೇಳಿದಂತೆಯೇ ಆಗಿದೆ. ಗ್ರಂಥಿ ಹೆಚ್ಚುಕಡಿಮೆ ಅಷ್ಟೇ ಇದೆ, ತೊಂದರೆ ಇಳಿದಿದೆ. ಸ್ನಾಯು ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆಯ ಪಾಲೂ ಇದರಲ್ಲಿದೆ. ಎಲ್ಲ ಶ್ರೇಯಸ್ಸನ್ನೂ ವಾಕಿಂಗಿಗೆ ಕೊಡುವುದು ಸುಳ್ಳಾಗುತ್ತದೆ.

ಇನ್ನು ನಮ್ಮ ಮನೆಯವಳು. ಅನ್ನದ ಬದಲು ಮುದ್ದೆ ಅಂದ ತಕ್ಷಣ ಎರಡು ಮುದ್ದೆ ಹೊಡೆಯಬಹುದು ಅಂತ ನಾನು ಲೆಕ್ಕ ಹಾಕಿದ್ದೆ. "ರಾಗಿಯಲ್ಲೂ ಪಿಷ್ಟ ಇದೆ ಕಣ್ರೀ" ಅಂತ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ ಇಟ್ಟಳು. ಜೊತೆಗೆ ತಟ್ಟೆ ತುಂಬ ಹುರುಳಿಕಾಯಿ ಪಲ್ಯ. ಸಂಜೆ ಏಳರ ಮೇಲೆ ಕಾಫಿ ಬಂದ್. ಜಗಳ ಆಡಿದ್ದೇನೆ, ಸೋತಿದ್ದೇನೆ. ಥ್ಯಾಂಕ್ಸ್ ಕಣೇ.

ಬೀದಿ ಕೊನೆಯ ಮೆಡಿಕಲ್ ಶಾಪಿನ ಹುಡುಗನಿಗೂ ದೊಡ್ಡ ನಮಸ್ಕಾರ. ನೆಗಡಿ ಅಂತ ಮಾತ್ರೆ ಕೇಳಿದೆ. "ಅಂಕಲ್, ನಿಮಗೆ ಪ್ರೊಸ್ಟೇಟ್ ಮಾತ್ರೆ ನಾನೇ ಕೊಡೋದು ಅಲ್ವಾ? ಕೆಲವು ನೆಗಡಿ ಮಾತ್ರೆಯಿಂದ ಮೂತ್ರ ಕಟ್ಟಿಬಿಡುತ್ತೆ, ಡಾಕ್ಟರಿಗೆ ಒಂದು ಫೋನ್ ಮಾಡಿ" ಅಂದ. ಡಾಕ್ಟರೂ ಅದನ್ನೇ ಹೇಳಿ ಬೇರೆ ಔಷಧಿ ಬರೆದರು. ಹತ್ತಾರು ರೂಪಾಯಿ ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಎಷ್ಟು ಜನ ಇದ್ದಾರೆ?

ಬೆಳಗಿನ ವಾಕಿಂಗ್ ಗೆಳೆಯರೇ, ನಾನು ಬಾಯಿ ಬಿಟ್ಟ ಮೇಲೆ ನಿಮ್ಮಲ್ಲಿ ಮೂವರು "ನನಗೂ ಹಾಗೇ ಆಗ್ತಿದೆ" ಅಂದಿರಿ. ಮಳೆಯಲ್ಲೂ ಬಂದು ಗೇಟಿನ ಹತ್ತಿರ ಕೂಗಿದಿರಿ. ಡಾಕ್ಟರ್ ನಂಬರ್ ಎಲ್ಲರಿಗೂ ಕೊಟ್ಟಿದ್ದೇನೆ. ಇಬ್ಬರು ಹೋಗಿ ಬಂದಾಯಿತು. ಮೂರನೆಯವರೇ, ನಿಮಗೆ ಸೋಮವಾರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ, ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ.